ಮೂರು ಚಳಿಗಾಲ, ಒಂದು ಡಿಹ್ಯುಮಿಡಿಫೈಯರ್ ಮತ್ತು ನನ್ನ ಹಳೆ ಪತ್ರಿಕೆಗಳು

ನಮ್ಮ ಮನೆಗೆ ಡಿಹ್ಯುಮಿಡಿಫೈಯರ್ ಬಂದದ್ದು 2022ರ ಜೂನ್‌ನಲ್ಲಿ. ಇದನ್ನು ಬರೆಯುತ್ತಿರುವುದು 2025ರ ಜನವರಿಯಲ್ಲಿ. ಗಾಳಿಯಲ್ಲಿರುವ ಪಸೆಯನ್ನು ಎಳೆದು, ನೀರು ಮಾಡಿ, ಕೆಳಗಿನ ಡಬ್ಬಿಗೆ ಇಳಿಸುವ ಯಂತ್ರ ಇದು. ನಮ್ಮ ಊರಿನಲ್ಲಿ ಹೆಚ್ಚಿನವರು ಇದನ್ನು ಮಳೆಗಾಲದಲ್ಲಿ ಬಟ್ಟೆ ಒಣಗಲಿ ಅಂತ ತರುತ್ತಾರೆ. ನಾನು ತಂದದ್ದು ಕಾಗದಕ್ಕಾಗಿ. ಕೊಟ್ಟ ಬೆಲೆ 18,500 ರೂಪಾಯಿ. ಮಳೆಗಾಲದ ಯಂತ್ರ ಅಂತಲೇ ತಂದೆ. ಆದರೆ ಅದು ನನಗೆ ಹಿಂದಕ್ಕೆ ಕೊಟ್ಟದ್ದು ಚಳಿಗಾಲವನ್ನು. ಹಾಗಾಗಿ ಈ ವಿಮರ್ಶೆಯಲ್ಲಿ ಡಿಸೆಂಬರ್, ಜನವರಿಯ ಮಾತೇ ಜಾಸ್ತಿ ಇರುತ್ತದೆ.

ನಾನು ಮಂಗಳೂರಿನ ಹತ್ತಿರದ ಕೊಣಾಜೆಯಲ್ಲಿ, ವಿಶ್ವವಿದ್ಯಾನಿಲಯದಲ್ಲಿ ಪಾಠ ಮಾಡುವವಳು. ಮನೆ ತೊಕ್ಕೊಟ್ಟಿನಿಂದ ಸ್ವಲ್ಪ ಒಳಗೆ. ರಾತ್ರಿ ಗಾಡಿಗಳ ಸದ್ದು ನಿಂತ ಮೇಲೆ ಕಡಲಿನ ಸದ್ದು ಕೇಳುತ್ತದೆ. ಹಳೆ ಪತ್ರಿಕೆ ಸೇರಿಸುವ ಪ್ರೀತಿ ಎಂ.ಎ. ಓದುವಾಗ ಹತ್ತಿದ್ದು. ಈಗ ಸುಮಾರು 1,100 ಸಂಚಿಕೆಗಳಿವೆ. ‘ಕಸ್ತೂರಿ’ 1956ರಲ್ಲಿ ಹುಬ್ಬಳ್ಳಿಯಿಂದ ಶುರುವಾಯಿತಲ್ಲ, ಅದರ ಮೊದಲ ಹತ್ತು ವರ್ಷದವು ಜಾಸ್ತಿ. ಮಣಿಪಾಲದ ‘ತುಷಾರ’ದ ಕಟ್ಟುಗಳಿವೆ. ‘ಪ್ರಬುದ್ಧ ಕರ್ಣಾಟಕ’ದ ಬಿಡಿ ಸಂಚಿಕೆಗಳಿವೆ. ಕವಿ ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ ಏಳು ಇದೆ. ಕೆಲವು ಉಡುಪಿ ಕಡೆಯ ಹಳೆ ಮನೆಗಳ ಅಟ್ಟದಿಂದ ಬಂದವು. ‘ಕಸ್ತೂರಿ’ಯನ್ನು ಬೆಳೆಸಿದ ಪಾ.ವೆಂ. ಆಚಾರ್ಯರು ಉಡುಪಿಯವರು. ಅಡಿಗರು ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದವರು. ಆ ಕಡೆಯ ಮನೆಗಳಲ್ಲಿ ಈ ಪತ್ರಿಕೆಗಳನ್ನು ಮನೆಯವರ ಬರಹದ ಹಾಗೆ ಜೋಪಾನ ಮಾಡಿ ಇಟ್ಟಿರುತ್ತಾರೆ. ಉಳಿದವು ಬಂದರಿನ ಕಡೆಯ ಒಂದು ಗುಜರಿ ಅಂಗಡಿಯವು. ಅಲ್ಲಿಯ ಕಾಕ ಫೋನ್ ಮಾಡುತ್ತಾರೆ: “ಮೇಡಂ, ಹಳೆ ಪುಸ್ತಕ ಬಂದದ್ದು ಉಂಟು. ತೂಕಕ್ಕೆ ಹಾಕುವ ಮೊದಲು ಒಮ್ಮೆ ನೋಡಿ ಹೋಗಿ.” ನಾನು ಅದೇ ಸಂಜೆ ಹೋಗುತ್ತೇನೆ.

ಯಂತ್ರ ಬರುವ ಮೊದಲು ನನ್ನ ಚಳಿಗಾಲ ಹೇಗಿತ್ತು ಅಂತ ಮೊದಲು ಹೇಳುತ್ತೇನೆ. ಜೂನ್‌ನಲ್ಲಿ ಪತ್ರಿಕೆಗಳನ್ನೆಲ್ಲ ತಗಡಿನ ಟ್ರಂಕಿಗೆ ಹಾಕುವುದು. ಒಣಗಿದ ಬೇವಿನ ಎಲೆ, ಬಜೆಯ ತುಂಡು, ಮೂಲೆಗೊಂದು ನುಸಿ ಗುಳಿಗೆ. ನವೆಂಬರ್ ಕೊನೆಗೆ ತೆರೆಯುವುದು. ತೆರೆದ ಕೂಡಲೇ ಆ ವಾಸನೆ. ರಟ್ಟಿನ ಮೇಲೆ ಹಸಿರು, ಬಿಳಿ ಬೂಷ್ಟು. ಪುಟಗಳ ಅಂಚಿನಲ್ಲಿ ಕಂದು ಚುಕ್ಕೆ. ಬೇವು ಮತ್ತು ಬಜೆ ಹುಳುವನ್ನು ದೂರ ಇಡುತ್ತವೆ, ಆದರೆ ಪಸೆಯನ್ನು ಏನೂ ಮಾಡುವುದಿಲ್ಲ. ಮುಚ್ಚಿದ ಟ್ರಂಕು ಪಸೆಯನ್ನು ಒಳಗೇ ಹಿಡಿದಿಡುತ್ತದೆ. ಇದು ನನಗೆ ಅರ್ಥವಾಗಲು ಹಲವು ವರ್ಷ ಬೇಕಾಯಿತು. ಆಮೇಲೆ ಡಿಸೆಂಬರಿನ ಭಾನುವಾರಗಳೆಲ್ಲ ಬ್ರಷ್ ಹಿಡಿದೇ ಕಳೆಯುತ್ತಿದ್ದವು. ಮೂಗಿಗೆ ಬಟ್ಟೆ ಕಟ್ಟಿ, ಜಗಲಿಯಲ್ಲಿ ಕೂತು, ಒಂದೊಂದೇ ಪುಟ ಒರೆಸುವುದು. ಸಂಜೆಗೆ ಸೀನು, ಕಣ್ಣು ಉರಿ. ಜನವರಿ ಮುಗಿಯುವಾಗ ಎಲ್ಲ ಚೊಕ್ಕ ಆಗುತ್ತಿತ್ತು. ಫೆಬ್ರವರಿಯಲ್ಲಿ ಸೆಕೆ ಶುರು. ಓದುವುದು ಯಾವಾಗ? ಈ ಪತ್ರಿಕೆಗಳನ್ನು ನಾನು ಓದುವುದಕ್ಕೆ ತಂದವಳು. ವರ್ಷವಿಡೀ ಅವುಗಳ ಕಾವಲು ಕಾಯುವುದರಲ್ಲೇ ಆಗುತ್ತಿತ್ತು.

ಅಜ್ಜನ ಮನೆಯಲ್ಲಿ ಪಂಚಾಂಗ, ಲೆಕ್ಕದ ಪುಸ್ತಕಗಳನ್ನೆಲ್ಲ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಕೆಳಗೆ ದಿನವಿಡೀ ಬೆಂಕಿ. ಅಲ್ಲಿ ಪಸೆ ನಿಲ್ಲುತ್ತಿರಲಿಲ್ಲ. ಕಾಗದ ಹೊಗೆ ಹಿಡಿದು ಕಪ್ಪಾಗುತ್ತಿತ್ತು, ಆದರೆ ಬೂಷ್ಟು ಬರುತ್ತಿರಲಿಲ್ಲ. ಈಗ ಆ ಒಲೆ ಇಲ್ಲ, ಅಟ್ಟವೂ ಇಲ್ಲ.

ಇನ್ನು ಯಂತ್ರದ ವಿಷಯ. ಪೆಟ್ಟಿಗೆಯ ಮೇಲೆ ದಿನಕ್ಕೆ 12 ಲೀಟರ್ ಅಂತ ಬರೆದಿದೆ. ಸಣ್ಣ ಅಕ್ಷರದಲ್ಲಿ, 30 ಡಿಗ್ರಿ ಉಷ್ಣತೆ ಮತ್ತು ಶೇ. 80 ತೇವಾಂಶ ಇದ್ದಾಗ ಅಂತಲೂ ಇದೆ. ಅದನ್ನು ಓದದೆ ಕೊಂಡರೆ ಚಳಿಗಾಲದಲ್ಲಿ ಯಂತ್ರ ಹಾಳಾಗಿದೆ ಅಂತ ಅನಿಸುತ್ತದೆ. ಒಳಗೆ ಫ್ರಿಜ್‌ನದ್ದೇ ಕೆಲಸ. ಕಂಪ್ರೆಸರ್ ಒಂದು ಕಾಯಿಲನ್ನು ತಣ್ಣಗೆ ಮಾಡುತ್ತದೆ. ಫ್ಯಾನ್ ಕೋಣೆಯ ಗಾಳಿಯನ್ನು ಅದರ ಮೇಲೆ ಹಾಯಿಸುತ್ತದೆ. ತಣ್ಣೀರಿನ ಚೊಂಬಿನ ಹೊರಗೆ ಹನಿ ಕೂರುವ ಹಾಗೆ ಕಾಯಿಲ್ ಮೇಲೆ ನೀರು ಕೂತು ಇಳಿಯುತ್ತದೆ. ಒಣಗಿದ ಗಾಳಿ ಸ್ವಲ್ಪ ಬಿಸಿಯಾಗಿ ಹೊರಗೆ ಬರುತ್ತದೆ. ಮುಚ್ಚಿದ ಸಣ್ಣ ಕೋಣೆ 2–3 ಡಿಗ್ರಿ ಬಿಸಿ ಆಗುತ್ತದೆ, ಗೊತ್ತಿರಲಿ.

ಮೊದಲ ತಿಂಗಳು ನಾನೇ ದೊಡ್ಡ ತಪ್ಪು ಮಾಡಿದೆ. ನಮ್ಮದು ಮುರಕಲ್ಲಿನ ಗೋಡೆಯ, ಹಂಚಿನ ಮಾಡಿನ ಮನೆ. ಯಂತ್ರವನ್ನು ಎದುರಿನ ಕೋಣೆಯಲ್ಲಿ ಇಟ್ಟೆ. ಹಂಚಿನ ಕೆಳಗೆ ಮರದ ಮುಚ್ಚಿಗೆ ಇಲ್ಲದ ಕೋಣೆ ಅದು. ಹಗಲು ರಾತ್ರಿ ಓಡಿತು, ಡಬ್ಬಿ ಮತ್ತೆ ಮತ್ತೆ ತುಂಬಿತು, ತೇವಾಂಶದ ಮೀಟರ್ ಮಾತ್ರ ಶೇ. 80ರಿಂದ ಇಳಿಯಲಿಲ್ಲ. ಹಂಚಿನ ಸಂದಿಯಿಂದ ಹೊಸ ಗಾಳಿ ಬರುತ್ತಲೇ ಇತ್ತು. ಊರಿನ ಗಾಳಿಯನ್ನೆಲ್ಲ ಒಣಗಿಸಲು ಆಗುತ್ತದಾ? ಆಮೇಲೆ ಹಿಂದುಗಡೆಯ ತಾರಸಿ ಕೋಣೆಗೆ ಪತ್ರಿಕೆಗಳನ್ನು ಸಾಗಿಸಿದೆ. 10 ಅಡಿ, 12 ಅಡಿಯ ಕೋಣೆ. ಬಾಗಿಲಿನ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಿದೆ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ತಂದೆ. ಎರಡೇ ದಿನದಲ್ಲಿ ತೇವ 60ಕ್ಕೆ ಬಂತು. ಹಂಚಿನ ಮನೆಯವರು ಕೊಳ್ಳುವ ಮೊದಲು ಇದೊಂದನ್ನು ಯೋಚಿಸಿ. ಮುಚ್ಚಲು ಆಗುವ ಕೋಣೆ ಇಲ್ಲದಿದ್ದರೆ ದುಡ್ಡು ದಂಡ.

ಮಳೆಗಾಲದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಜುಲೈಯಲ್ಲಿ ದಿನಕ್ಕೆ 4 ಲೀಟರ್‌ನಷ್ಟು ನೀರು. 2 ಲೀಟರಿನ ಡಬ್ಬಿ, ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಚೆಲ್ಲಬೇಕು. ಆ ನೀರು ಕುಡಿಯಲು ಆಗುವುದಿಲ್ಲ. ಬಚ್ಚಲಿಗೆ ಸುರಿಯುತ್ತೇವೆ. ಹಿಂದೆ ಪೈಪು ಸಿಕ್ಕಿಸುವ ತೂತು ಇದೆ. ಊರಿಗೆ ಹೋಗುವಾಗ ಅದು ಉಪಯೋಗ. ಮೂರು ಮಳೆಗಾಲದಲ್ಲಿ ಒಂದೇ ಒಂದು ಸಂಚಿಕೆಗೂ ಹೊಸ ಬೂಷ್ಟು ಬಂದಿಲ್ಲ.

ಆದರೆ ಚಳಿಗಾಲ ನಾನು ಅಂದುಕೊಂಡ ಹಾಗೆ ಇರಲಿಲ್ಲ. ನಮ್ಮಲ್ಲಿ ಚಳಿ ಅಂದರೆ ಬೆಳಗಿನ ಜಾವ 20–21 ಡಿಗ್ರಿ, ಮಧ್ಯಾಹ್ನ 32–33. ಸ್ವೆಟರ್ ಬೇಡ, ಒಂದು ಶಾಲು ಸಾಕು. ಬೆಳಿಗ್ಗೆ ದೇರಳಕಟ್ಟೆ ದಾಟಿ ಬಸ್ಸು ಕೊಣಾಜೆಯ ಗುಡ್ಡ ಹತ್ತುವಾಗ ಮಂಜು ಇರುತ್ತದೆ, ಮೊದಲ ಕ್ಲಾಸು ಮುಗಿಯುವಾಗ ಬಿಸಿಲು. ತುಟಿ ಸ್ವಲ್ಪ ಒಡೆಯುತ್ತದೆ. ಇಷ್ಟು ಒಣ ಹವೆಯಲ್ಲಿ ಯಂತ್ರ ಯಾಕೆ ಅಂತ ಮೊದಲ ವರ್ಷ ಡಿಸೆಂಬರ್ 1ಕ್ಕೆ ಬಂದ್ ಮಾಡಿದೆ. ಐದನೇ ದಿನ ನೋಡಿದರೆ ಕೋಣೆಯ ತೇವ 71. ಹೊರಗೆ ಜಗಲಿಯಲ್ಲಿ 58. ಎರಡು ಸಲ ನೋಡಿದೆ, ಅಷ್ಟೇ ಇತ್ತು.

ಕಾರಣ ಗೋಡೆ. ಮುರಕಲ್ಲಿನಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಅದು ನಾಲ್ಕು ತಿಂಗಳು ಮಳೆ ಕುಡಿದಿರುತ್ತದೆ. ಆಮೇಲೆ ಅಕ್ಟೋಬರ್, ನವೆಂಬರ್‌ನಲ್ಲಿ ಗುಡುಗು ಮಳೆ ಬೇರೆ. ಆಕಾಶದ ಮಳೆ ನಿಂತ ಮೇಲೂ ಗೋಡೆ ತಾನು ಕುಡಿದದ್ದನ್ನು ನಿಧಾನಕ್ಕೆ ಒಳಗೆ ಬಿಡುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಿ ಅದು ಡಿಸೆಂಬರ್ ಕೊನೆಯವರೆಗೆ ನಡೆಯುತ್ತದೆ. ಕಾಗದಕ್ಕೆ 65 ದಾಟಿ ಹಲವು ದಿನ ನಿಂತರೆ ಬೂಷ್ಟಿಗೆ ದಾರಿ ಆಯಿತು ಅಂತಲೇ ಲೆಕ್ಕ. ಹಾಗಾಗಿ ಈಗ ಡಿಸೆಂಬರ್ ಇಡೀ ದಿನಕ್ಕೆ ನಾಲ್ಕು ಗಂಟೆ ಓಡಿಸುತ್ತೇನೆ. ಸುಮಾರು 1 ಲೀಟರ್ ನೀರು ಬರುತ್ತದೆ. ನನ್ನ ಮಟ್ಟಿಗೆ ಈ ಒಂದು ತಿಂಗಳ ಓಟವೇ ಎಲ್ಲಕ್ಕಿಂತ ಮುಖ್ಯ. ಮಳೆ ನಿಂತ ಕೂಡಲೇ ಯಂತ್ರವನ್ನು ಮೂಲೆಗೆ ತಳ್ಳುವವರು ಇದನ್ನು ದಯವಿಟ್ಟು ಗಮನಿಸಿ.

ಜನವರಿಯ ತಪ್ಪು ಬೇರೆ ರೀತಿಯದ್ದು. ಮೊದಲ ಜನವರಿಯಲ್ಲಿ, ಎಷ್ಟು ಒಣ ಇದ್ದರೆ ಅಷ್ಟು ಒಳ್ಳೆಯದು ಅಂತ 40ಕ್ಕೆ ಸೆಟ್ ಮಾಡಿದೆ. ಎರಡು ವಾರದ ನಂತರ 1958ರ ಒಂದು ‘ಕಸ್ತೂರಿ’ ತೆಗೆದು ಪುಟ ಮಗುಚಿದೆ. ಮೂಲೆ ಹಪ್ಪಳದ ಹಾಗೆ ಮುರಿದು ಕೈಗೆ ಬಂತು. ಬೈಂಡ್ ಮಾಡಿದ ಕಟ್ಟೊಂದರ ರಟ್ಟು ಬಿಲ್ಲಿನ ಹಾಗೆ ಬಾಗಿತ್ತು. ಆ ದಿನ ನನಗೆ ಊಟ ಸೇರಲಿಲ್ಲ. ಆ ಕಾಲದ ಅಗ್ಗದ ಕಾಗದ ಮರದ ತಿರುಳಿನದ್ದು. ಅದರಲ್ಲಿರುವ ಲಿಗ್ನಿನ್ ಅನ್ನುವ ಮರದ ಅಂಶ ಮತ್ತು ಆಮ್ಲ ಸೇರಿ ಅದನ್ನು ಮೊದಲೇ ಬಡವಾಗಿಸಿರುತ್ತವೆ. ಇದ್ದ ಚೂರು ತೇವವನ್ನೂ ಎಳೆದರೆ ಬಾಗುವ ಶಕ್ತಿ ಹೋಗುತ್ತದೆ. ಈಗ 55ಕ್ಕೆ ಸೆಟ್ ಮಾಡುತ್ತೇನೆ, ವರ್ಷವಿಡೀ ಅಷ್ಟೇ. 50ಕ್ಕಿಂತ ಕೆಳಗೆ ಬಿಡುವುದಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಇದೇ ಊರಿನಲ್ಲಿ, ಬಾಸೆಲ್ ಮಿಶನ್‌ನ ಮೋಗ್ಲಿಂಗರ ಕೈಯಲ್ಲಿ, ಕಲ್ಲಚ್ಚಿನಲ್ಲಿ ಹೊರಬಂತು. ಜುಲೈ 1 ಅಂದರೆ ನಮ್ಮಲ್ಲಿ ಧೋ ಅಂತ ಸುರಿಯುವ ಕಾಲ. ಆ ಮಳೆಯಲ್ಲಿ ಆ ಹಾಳೆಗಳನ್ನು ಹೇಗೆ ಒಣಗಿಸಿದರೋ ಅಂತ ಪ್ರತಿ ಜುಲೈಯಲ್ಲೂ ನೆನೆಯುತ್ತೇನೆ. ಆ ಕಾಲದಲ್ಲಿ ಕಾಗದವನ್ನು ಹೆಚ್ಚಾಗಿ ಹಳೆ ಬಟ್ಟೆಯ ನಾರಿನಿಂದ ಮಾಡುತ್ತಿದ್ದರು. ಅಂಥ ಕಾಗದ ಗಟ್ಟಿ. 1950ರ ದಶಕದ ನಮ್ಮ ಮಾಸಪತ್ರಿಕೆಗಳು ಅದಕ್ಕಿಂತ ನೂರು ವರ್ಷ ಚಿಕ್ಕವು, ಆದರೂ ಮೊದಲು ಪುಡಿಯಾಗುವುದು ಇವೇ. ಬಲ್ಮಠದ ದಾಖಲೆ ಸಂಗ್ರಹದಲ್ಲೋ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲೋ ಹಳೆಯ ಕಾಗದ ಕಾಯುವವರಿದ್ದಾರೆ. ಮನೆಗಳಲ್ಲಿರುವ ‘ಕಸ್ತೂರಿ’, ‘ತುಷಾರ’ಗಳನ್ನು ಮನೆಯವರೇ ಕಾಯಬೇಕಲ್ವಾ?

ಜನವರಿಯಲ್ಲಿ ಈಗ ಯಂತ್ರಕ್ಕಿಂತ ಕಿಟಕಿಯ ಕೆಲಸ ಜಾಸ್ತಿ. ಬೆಳಿಗ್ಗೆ ಇಬ್ಬನಿ ಇರುವಾಗ ತೆರೆಯಬಾರದು, ಆಗ ಹೊರಗೆ 85 ಇರುತ್ತದೆ. ಹತ್ತು ಗಂಟೆಗೆ ಘಟ್ಟದ ಕಡೆಯ ಒಣ ಗಾಳಿ ಇರುತ್ತದೆ. ಆಗ ತೆರೆದರೆ ಮೀಟರ್ ಸರ್ರನೆ ಇಳಿಯುತ್ತದೆ. ಮಧ್ಯಾಹ್ನ ಒಂದರ ಹೊತ್ತಿಗೆ ಕಡಲ ಗಾಳಿ ತಿರುಗುತ್ತದೆ, ಆಗ ಮುಚ್ಚಬೇಕು. ಕೆಲಸದ ದಿನಗಳಲ್ಲಿ ಅತ್ತೆ ಇದನ್ನು ನೋಡಿಕೊಳ್ಳುತ್ತಾರೆ. ಮೊದಲು ಅವರಿಗೆ ಈ ಯಂತ್ರ ಹಿಡಿಸಿರಲಿಲ್ಲ. “ಇದೆಂತ ಮಾರಾಯ್ತಿ, ರಾತ್ರಿ ಇಡೀ ಗುಂಯ್ ಗುಂಯ್” ಅನ್ನುತ್ತಿದ್ದರು. ಸದ್ದು ಇರುವುದು ನಿಜ, ಹಳೆ ಫ್ರಿಜ್‌ನಷ್ಟು. ಮಲಗುವ ಕೋಣೆಯಲ್ಲಿ ಬೇಡ. ಈಗ ಅವರೇ ಒಂದು ಗಂಟೆಗೆ ಸರಿಯಾಗಿ ಹೋಗಿ ಕಿಟಕಿ ಹಾಕಿ, ಮೀಟರ್ ಓದಿ, ಕ್ಯಾಲೆಂಡರಿನ ಮೇಲೆ ಅಂಕೆ ಬರೆದಿಡುತ್ತಾರೆ. ನನ್ನ ಹತ್ತಿರ ಇರುವ ಅಂಕೆಗಳಲ್ಲಿ ಅರ್ಧ ಅವರ ಕೈಬರಹದ್ದು. ಬಿಸಿಲಿಗೆ ಮಾತ್ರ ಪತ್ರಿಕೆ ಹಾಕುವುದಿಲ್ಲ. ಹಪ್ಪಳ, ಸಂಡಿಗೆಯ ಹಾಗೆ ಅಂಗಳದಲ್ಲಿ ಹರಡಿದರೆ ಬೂಷ್ಟು ಒಣಗೀತು, ಕಾಗದ ಎರಡೇ ದಿನದಲ್ಲಿ ಇನ್ನಷ್ಟು ಹಳದಿ ಆಗುತ್ತದೆ.

2024ರ ಜನವರಿಯಲ್ಲಿ ಕೃಷ್ಣಮಠದ ಪರ್ಯಾಯ ಉತ್ಸವಕ್ಕೆ ಉಡುಪಿಗೆ ಹೋಗಿ ತವರಿನಲ್ಲಿ ನಾಲ್ಕು ದಿನ ನಿಂತೆವು. ಯಂತ್ರ ಬಂದ್, ಕಿಟಕಿಯೂ ಬಂದ್. ಬಂದು ನೋಡಿದಾಗ 54 ಇದ್ದದ್ದು 59 ಆಗಿತ್ತು ಅಷ್ಟೆ. ಗೋಡೆ ಪೂರ್ತಿ ಒಣಗಿದ ಮೇಲೆ ಕೋಣೆ ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಅಂತ ಆಗ ಧೈರ್ಯ ಬಂತು. ಈಗ ಜನವರಿ, ಫೆಬ್ರವರಿಯಲ್ಲಿ ವಾರಕ್ಕೆ ಮೂರ್ನಾಲ್ಕು ಗಂಟೆ ಓಡಿದರೆ ಹೆಚ್ಚು.

ಬ್ರಷ್ ಹಿಡಿಯುವ ಕೆಲಸ ತಪ್ಪಿದ್ದರಿಂದ ಚಳಿಗಾಲದ ಭಾನುವಾರ ಈಗ ನನ್ನದು. ಬೆಳಿಗ್ಗೆ ಗಂಜಿ, ಹುರುಳಿ ಚಟ್ನಿ. ಆಮೇಲೆ ಒಂದು ಕಟ್ಟು ಬಿಚ್ಚುವುದು. ಮೊದಲ ಕೆಲಸ ತುಕ್ಕು ಹಿಡಿದ ಪಿನ್ನು ಬಿಡಿಸುವುದು. ತುಕ್ಕು ಸುತ್ತಲಿನ ಕಾಗದವನ್ನು ತಿನ್ನುತ್ತದೆ. ಪಿನ್ನಿನ ಕಾಲುಗಳನ್ನು ತೆಳು ಚಾಕುವಿನಿಂದ ಎತ್ತಿ, ಅದೇ ತೂತಿನಲ್ಲಿ ಹತ್ತಿಯ ನೂಲು ಹಾಕಿ ಹೊಲಿಯುತ್ತೇನೆ. ನಂತರ ಓದು. ಕತೆ, ಲೇಖನ ಮಾತ್ರ ಅಲ್ಲ. ತಲೆಗೆಣ್ಣೆಯ ಜಾಹೀರಾತು, ಓದುಗರ ಪತ್ರ, ಮೂಲೆಯಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದ ಹಾಲಿನ ಲೆಕ್ಕ. ಒಂದು ಸಂಚಿಕೆಯಲ್ಲಿ ಬಸ್ಸಿನ ಟಿಕೆಟ್ ಸಿಕ್ಕಿತು. ಯಾರೋ ಓದುತ್ತಾ ಹೋದವರು ಆ ಪುಟಕ್ಕೆ ಗುರುತು ಇಟ್ಟು ಇಳಿದಿರಬೇಕು. ಅದನ್ನು ಅಲ್ಲೇ ಬಿಟ್ಟಿದ್ದೇನೆ. ಎಂ.ಎ. ವಿದ್ಯಾರ್ಥಿಗಳು ಇಬ್ಬರು ಮೂವರು ಬರುತ್ತಾರೆ. ಕೈ ತೊಳೆದು ಪೂರ್ತಿ ಒರೆಸಿಕೊಂಡೇ ಒಳಗೆ ಬರಬೇಕು, ಚಹಾ ಜಗಲಿಯಲ್ಲಿ. ಮೊನ್ನೆ ಒಬ್ಬಳು 1960ರ ದಶಕದ ಓದುಗರ ಪತ್ರಗಳನ್ನು ಮಾತ್ರ ಹುಡುಕಿ ಮೂರು ಗಂಟೆ ಮೇಲೇಳದೆ ಕೂತಿದ್ದಳು. ಸಂಜೆ ಅವರನ್ನು ಬಸ್ಸಿಗೆ ಕಳಿಸಿ ಬರುವಾಗ ದೂರದಲ್ಲಿ ಯಾವುದೋ ಬಯಲಾಟದ ಚೆಂಡೆ ಕೇಳುತ್ತಿತ್ತು.

ಇನ್ನು ದೂರುಗಳು. ಯಂತ್ರದ ಮೀಟರನ್ನು ನಂಬಬೇಡಿ. ಅದು 50 ತೋರಿಸುವಾಗ ಕೋಣೆಯಲ್ಲಿ ನಿಜಕ್ಕೂ 57 ಇರುತ್ತದೆ, ಯಾಕೆಂದರೆ ಅದು ತನ್ನ ಪಕ್ಕದ ಗಾಳಿಯನ್ನೇ ಅಳೆಯುತ್ತದೆ. ಬೇರೆ ಒಂದು ತೇವಾಂಶ ಮೀಟರ್ ಕೊಂಡು ಕಪಾಟಿನ ಒಳಗೆ ಇಡಿ. ಅದೂ ಸರಿ ಇದೆಯಾ ಅಂತ ನೋಡಲು ಅಡುಗೆ ಉಪ್ಪು ಸಾಕು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಲವು ಹನಿ ನೀರು ಬಿಟ್ಟು ಒದ್ದೆ ಮಾಡಿ. ಉಪ್ಪು ಕರಗಿ ನೀರಾಗಬಾರದು. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ 75 ತೋರಿಸಬೇಕು. ನನ್ನದು 72 ತೋರಿಸಿತು. ಹಾಗಾಗಿ ಯಾವಾಗಲೂ 3 ಕೂಡಿಸಿ ಓದುತ್ತೇನೆ. ಇಲ್ಲಿ ಬರೆದ ಅಂಕೆಗಳೆಲ್ಲ ಹಾಗೆ ಕೂಡಿಸಿದವು.

ಎರಡನೇ ಮಳೆಗಾಲದಲ್ಲಿ ಡಬ್ಬಿ ಖಾಲಿ ಇದ್ದರೂ ತುಂಬಿದೆ ಅನ್ನುವ ಕೆಂಪು ದೀಪ ಹತ್ತಿ ಯಂತ್ರ ನಿಂತಿತು. ವಾರಂಟಿ ಇತ್ತು. ಕಂಪನಿಗೆ ಫೋನ್ ಮಾಡಿದರೆ ಟೆಕ್ನಿಷಿಯನ್ ಬೆಂಗಳೂರಿನಿಂದ ಬರಬೇಕು ಅಂದರು. ಐದು ವಾರ ಕಾದೆ. ಮಳೆಗಾಲದ ಐದು ವಾರ! ದಿನಕ್ಕೆ ಎರಡು ಸಲ ಕಪಾಟು ತೆರೆದು ಮೂಸಿ ನೋಡುತ್ತಿದ್ದೆ. ಕೊನೆಗೆ ಹತ್ತಿರದ ಫ್ರಿಜ್ ರಿಪೇರಿಯವರನ್ನು ಕರೆದೆ. ಡಬ್ಬಿಯ ಒಳಗೆ ನೀರಿನ ಜೊತೆ ಏರುವ ಒಂದು ತೇಲುವ ತುಂಡು ಇದೆ. ಅದಕ್ಕೆ ಲೋಳೆ ಹಿಡಿದು ಮೇಲೆಯೇ ಸಿಕ್ಕಿಕೊಂಡಿತ್ತು. ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರು, ಸರಿಯಾಯಿತು. ಇಷ್ಟನ್ನು ಕಂಪನಿಯವರು ಫೋನಿನಲ್ಲೇ ಹೇಳಬಹುದಿತ್ತು. ಈ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಕಳೆದ ತಿಂಗಳು ಮತ್ತೊಂದು ಆಯಿತು. ಒಂದು ಬೆಳಿಗ್ಗೆ ನೋಡಿದರೆ ಕಾಯಿಲ್ ಮೇಲೆ ಐಸು, ನೀರು ಹನಿಯೂ ಇಲ್ಲ. ಗ್ಯಾಸ್ ಹೋಗಿದೆ ಅಂತ ಹೆದರಿದೆ. ಅದೇ ರಿಪೇರಿಯವರು ಬಂದು ಫಿಲ್ಟರ್ ಎಳೆದು ತೋರಿಸಿದರು. “ಮೇಡಂ, ಗ್ಯಾಸ್ ಸರಿ ಉಂಟು. ಗಾಳಿ ಹೋಗುವುದಿಲ್ಲ, ಅಷ್ಟೇ.” ಫಿಲ್ಟರಿನ ತುಂಬ ಕಂದು ಪುಡಿ. ನನ್ನ ಪತ್ರಿಕೆಗಳ ಪುಡಿ ಅದು. ಹಳೆ ಕಾಗದದ ಕೋಣೆಯಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಬೇಕು. ಪುಸ್ತಿಕೆಯಲ್ಲಿ ತಿಂಗಳಿಗೊಮ್ಮೆ ಅಂತ ಇದೆ, ಸಾಲದು.

ಕರೆಂಟು: ಗಂಟೆಗೆ ಹತ್ತಿರ ಹತ್ತಿರ ಕಾಲು ಯೂನಿಟ್. ಮಳೆಗಾಲದಲ್ಲಿ ತಿಂಗಳಿಗೆ 65–70 ಯೂನಿಟ್, ಡಿಸೆಂಬರಿನಲ್ಲಿ 30, ಜನವರಿಯಲ್ಲಿ 4. ಗೃಹಜ್ಯೋತಿ ಇರುವವರು ಲೆಕ್ಕ ಹಾಕಿಯೇ ಕೊಳ್ಳಿ. 200 ಯೂನಿಟ್ ದಾಟಿದರೆ ಇಡೀ ಬಿಲ್ಲು ನಾವೇ ಕಟ್ಟಬೇಕು. ನಮ್ಮ ಮನೆಯಲ್ಲಿ ಎರಡು ಜುಲೈ ಹಾಗೆ ದಾಟಿದೆ. ಮೆಸ್ಕಾಂ ಬಿಲ್ಲು ನೋಡಿ ಮನೆಯವರ ಮುಖ ಸಣ್ಣದಾಯಿತು, ಆದರೆ ಬಂದ್ ಮಾಡು ಅಂತ ಯಾರೂ ಹೇಳಲಿಲ್ಲ.

ಯಂತ್ರಕ್ಕೆ 5ರಲ್ಲಿ 4 ಕೊಡುತ್ತೇನೆ. ಕಂಪನಿಯ ಸರ್ವಿಸ್‌ಗೆ 1. ನಿಮ್ಮಲ್ಲಿ ಇರುವುದು ನೂರು ಸಂಚಿಕೆ ಮಾತ್ರ ಆದರೆ ಇಷ್ಟು ದೊಡ್ಡದು ಬೇಡ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಮತ್ತು ಸಿಲಿಕಾ ಜೆಲ್ ಸಾಕು, ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಹಾಕಬಹುದು. ಡಬ್ಬಿಗೆ ತುಂಬುವ ದಿನ ಮಾತ್ರ ಕಾಗದ ಒಣ ಇರಬೇಕು. ಅದಕ್ಕೆ ಜನವರಿಯ ಹತ್ತು ಗಂಟೆಯ ಗಾಳಿಯಷ್ಟು ಒಳ್ಳೆಯದು ಬೇರೆ ಇಲ್ಲ.

ಇವತ್ತು ಭಾನುವಾರ. ತೊಳೆದ ಫಿಲ್ಟರ್ ಜಗಲಿಯ ನೆರಳಿನಲ್ಲಿ ಒಣಗುತ್ತಿದೆ. ಕಿಟಕಿ ತೆರೆದಿದೆ. ಮೀಟರ್ 53. ಕಾಕನ ಅಂಗಡಿಯಿಂದ ಮೊನ್ನೆ ಬಂದ ಕಟ್ಟು ಮೇಜಿನ ಮೇಲಿದೆ, ಸೆಣಬಿನ ಹುರಿ ಇನ್ನೂ ಬಿಚ್ಚಿಲ್ಲ. ಮೇಲಿನ ಸಂಚಿಕೆಯ ರಟ್ಟು ಹರಿದಿದೆ, 1961 ಅನ್ನುವುದು ಮಾತ್ರ ಕಾಣುತ್ತದೆ. ಒಂದು ಗಂಟೆಗೆ ಕಡಲ ಗಾಳಿ ತಿರುಗುವವರೆಗೆ ನನಗೆ ಹೊತ್ತು ಇದೆ.